ತುಂಬದೆ ಉಳಿದ ಕಾಲು

ಮಳೆಗಾಲದಲ್ಲಿ ಕೂಲಂಟ್ ಹಳಸುತ್ತದೆ. ಯಂತ್ರ ಕಬ್ಬಿಣವನ್ನು ಕೊರೆಯುವಾಗ ಕಾವು ಏರದಿರಲೆಂದು ಮೇಲಿನಿಂದ ಸುರಿಯುವ, ಹಾಲಿನ ಬಣ್ಣದ ಎಣ್ಣೆನೀರು ಅದು. ಸಮಯಕ್ಕೆ ಬದಲಿಸದಿದ್ದರೆ ಹುಳಿ ಮಜ್ಜಿಗೆಗೆ ಸೀಮೆಎಣ್ಣೆ ಬೆರೆಸಿದಂಥ ನಾತ ಹಿಡಿಯುತ್ತದೆ. ಕಳೆದ ಜುಲೈಯಲ್ಲಿ ತಳೇಗಾಂವದ ಒಂದು ಸಣ್ಣ ಕಾರ್ಖಾನೆಯವರು ನನ್ನನ್ನು ಕರೆಸಿದ್ದರು. ಕೆಲಸಗಾರರಿಗೆ ತರಬೇತಿ ಹೇಗೆ ಕೊಡಬೇಕು, ಒಂದು ಯಂತ್ರದಿಂದ ಇನ್ನೊಂದಕ್ಕೆ ಕೆಲಸ ತಡವಿಲ್ಲದೆ ಹೇಗೆ ಸಾಗಬೇಕು ಎಂದು ನಾಲ್ಕು ಮಾತು ಹೇಳಬೇಕಿತ್ತು. ನಿವೃತ್ತನಾದ ಮೇಲೆ ಹೀಗೆ ಊರೂರಿಗೆ ಹೋಗಿ ಬುದ್ಧಿ ಹೇಳುವುದೇ ನನ್ನ ಉದ್ಯೋಗ. ಶೆಡ್ಡಿನ ಬಾಗಿಲು ದಾಟಿದೊಡನೆ ಆ ನಾತ ಮೂಗಿಗೆ ಬಡಿಯಿತು. ಎದುರಿನ ಗೋಡೆಯ ಮೇಲೆ ಒಂದು ದೊಡ್ಡ ಬೋರ್ಡು. ಎಡಕ್ಕೆ ಕೆಲಸಗಾರರ ಹೆಸರುಗಳು, ಮೇಲೆ ಯಂತ್ರಗಳ ಹೆಸರುಗಳು, ನಡುವೆ ನಾಲ್ಕು ಪಾಲು ಮಾಡಿದ ಪುಟ್ಟ ಪುಟ್ಟ ವೃತ್ತಗಳು. ‘ಸರ್, ಇದು ನಮ್ಮ ಸ್ಕಿಲ್ ಬೋರ್ಡ್’ ಎಂದು ಅಲ್ಲಿನ ಮ್ಯಾನೇಜರ್ ಹುಮ್ಮಸ್ಸಿನಿಂದ ವಿವರಿಸತೊಡಗಿದರು. ನನಗೆ ವಿವರಣೆ ಬೇಕಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದ ಒಂದು ಮಳೆಗಾಲದಲ್ಲಿ, ಇದೇ ತಳೇಗಾಂವದ ಬೇರೊಂದು ಕಾರ್ಖಾನೆಯಲ್ಲಿ, ಅಂಥದೇ ಬೋರ್ಡನ್ನು ನಾನು ಕೈಯಾರೆ ಬರೆದು ತೂಗುಹಾಕಿದ್ದೆ. ಅದರಲ್ಲಿ ಒಬ್ಬರ ವೃತ್ತದ ಒಂದು ಕಾಲು ಭಾಗವನ್ನು ತುಂಬದೆ ಬಿಟ್ಟಿದ್ದೆ. ಕಳೆದ ಜುಲೈಯ ಭಾಷಣದಲ್ಲಿ ಆ ಮಾತು ಹೇಳಲು ಧೈರ್ಯ ಬರಲಿಲ್ಲ. ಇಲ್ಲಿ ಹೇಳುತ್ತೇನೆ.

ಆಗ ನನಗೆ ಮೂವತ್ತೆರಡು. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಪುಣೆಗೆ ಬಂದು ಎಂಟು ವರ್ಷವಾಗಿತ್ತು. ಖಡಕಿಯಲ್ಲಿ ಬಾಡಿಗೆ ಮನೆ, ಬೆಳಗ್ಗೆ ಲೋಕಲ್ ರೈಲು ಹಿಡಿದು ತಳೇಗಾಂವ. ದೇಶಪಾಂಡೆ ಎಂಬ ಅಡ್ಡಹೆಸರು ಅಲ್ಲಿ ಭಾಳ ಉಪಯೋಗಕ್ಕೆ ಬರುತ್ತಿತ್ತು. ಮರಾಠಿ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದುದರಿಂದ ನನ್ನ ಮನೆಮಾತು ಯಾವುದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಚಪ್ಪಲಿ ಮೆಟ್ಟುವ ಹೊತ್ತಿಗೇ ಮಾತನ್ನೂ ಬದಲಿಸುವುದು ಪುಣೆಯ ಕನ್ನಡಿಗರಿಗೆಲ್ಲ ರೂಢಿಯಾಗಿಬಿಟ್ಟಿರುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಗೇರ್‌ಬಾಕ್ಸಿನ ಶಾಫ್ಟುಗಳು ತಯಾರಾಗುತ್ತಿದ್ದವು. ಆ ವರ್ಷ ಮಾಲು ತಡವಾಗಿ ಹೋಗುತ್ತಿತ್ತು, ಹೋದದ್ದರಲ್ಲಿ ಒಂದಷ್ಟು ಅಳತೆ ತಪ್ಪಿದೆಯೆಂದು ವಾಪಸು ಬರುತ್ತಿತ್ತು. ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, ದಸರೆಯೊಳಗೆ ಶೆಡ್ಡನ್ನು ಒಂದು ದಾರಿಗೆ ತರಬೇಕೆಂದರು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಳೆಯಬೇಕು, ಪ್ರತಿ ಕೆಲಸಕ್ಕೂ ಒಂದು ಕಾರ್ಡು ಬರೆಯಬೇಕು, ಹೊಸ ಹುಡುಗರು ಯಂತ್ರ ಮುಟ್ಟುವ ಮೊದಲು ಒಂದು ತಿಂಗಳು ಕಲಿಯಲು ತರಬೇತಿ ಕೋಣೆ ಮಾಡಬೇಕು, ಅಲ್ಲಿ ಕಲಿಸಲು ಶೆಡ್ಡಿನವರಲ್ಲೇ ಒಬ್ಬರನ್ನು ಆರಿಸಬೇಕು.

ಸ್ಟಾಪ್‌ವಾಚ್ ಹಿಡಿದು ಹೊರಟೆ. ಗಡಿಯಾರ ಹಿಡಿದವನು ಹತ್ತಿರ ಬಂದರೆ ಕೆಲಸಗಾರರಿಗೆ ಎಲ್ಲಿಲ್ಲದ ಕೆಮ್ಮು ಬರುತ್ತದೆ, ಬೋಲ್ಟು ತಿರುಗಿಸುವ ಪಾನಾ ಕಳೆದುಹೋಗುತ್ತದೆ, ಒಂದಕ್ಕೆ ಹೋಗಬೇಕೆನಿಸುತ್ತದೆ. ಅವರದೇನೂ ತಪ್ಪಿಲ್ಲ. ಸೆಕೆಂಡು ಎಣಿಸುವವನು ಬಂದದ್ದು ತಮ್ಮ ಒಳ್ಳೆಯದಕ್ಕೆ ಎಂದು ನಂಬಲು ಅವರೇನು ಎಳೆಮಕ್ಕಳೇ?

ಮಲ್ಲಪ್ಪ ಒಬ್ಬರು ಮಾತ್ರ ಕೆಮ್ಮಲಿಲ್ಲ. ಗ್ರೈಂಡಿಂಗ್ ಯಂತ್ರದಲ್ಲಿದ್ದರು. ಐವತ್ತು ದಾಟಿತ್ತು, ಕುಳ್ಳನೆಯ ಗಟ್ಟಿ ಆಳು, ಗೋಕಾಕದ ಕಡೆಯವರು. ಶೆಡ್ಡಿನಲ್ಲಿ ಎಲ್ಲರಿಗೂ ‘ಅಣ್ಣಾ’. ಅವರ ಬೆನ್ನ ಹಿಂದೆ ನಿಂತು, ಸಾಣೆಗಲ್ಲು ಶಾಫ್ಟಿನ ಮೇಲೆ ಎಷ್ಟು ಸಲ ಓಡಾಡುತ್ತದೆಂದು ಬಾಯೊಳಗೇ ಎಣಿಸುತ್ತಿದ್ದೆ. ಮನುಷ್ಯ ಯಾವ ಊರಿನ ಅನ್ನ ಉಂಡರೂ ಲೆಕ್ಕ ಹಾಕುವುದು ತಾಯಿಯ ಮಾತಿನಲ್ಲೇ. ‘ಐದು, ಆರು, ಏಳು’ ಎನ್ನುತ್ತಿದ್ದೆ.

‘ಎಂಟು’ ಎಂದರು ಮಲ್ಲಪ್ಪ, ತಿರುಗಿ ನೋಡದೆ. ‘ಇನ್ನೊಂದು ಅದ ತಡೀರಿ, ಒಂಬತ್ತಕ್ಕ ನಿಂದರ್ತದ.’

ಯಂತ್ರ ಒಂಬತ್ತಕ್ಕೆ ನಿಂತಿತು. ಅವರು ಕೈ ಒರೆಸಿಕೊಳ್ಳುತ್ತ ತಿರುಗಿದರು. ಮುಖದ ತುಂಬ ನಗು.

‘ಊರು ಯಾವ್ದ್ರಿ ಸಾಹೇಬ್ರ?’

ಅತ್ತಿತ್ತ ನೋಡಿ, ‘ಧಾರವಾಡ’ ಎಂದು ಪಿಸುಗುಟ್ಟಿದೆ.

‘ಹಂಗಾರ ನಮ್ಮವರ ಆದ್ರಿ ಬಿಡ್ರಿ.’

ನಮ್ಮವರು ಎಂಬ ಮಾತು ಕೇಳಿ ಜೀವಕ್ಕೆ ತಂಪೆನಿಸಿತು. ಅದೇ ಹೊತ್ತಿಗೆ, ಯಾರಾದರೂ ಕೇಳಿಸಿಕೊಂಡರೇ ಎಂಬ ಭಯವೂ ಆಯಿತು. ಆ ವರ್ಷದ ನನ್ನ ಕಥೆಯೆಲ್ಲ ಈ ಎರಡರ ನಡುವೆಯೇ ನಡೆಯಿತು.

ಆ ಮಳೆಗಾಲದಲ್ಲಿ ನಾನು ಕಲಿತದ್ದೆಲ್ಲ ಮಲ್ಲಪ್ಪನವರಿಂದ. ತಳೇಗಾಂವದ ಮಳೆಗೆ ಶೆಡ್ಡಿನ ತಗಡು ದಿನವಿಡೀ ಬಡಿದುಕೊಳ್ಳುತ್ತಿತ್ತು, ಮಂಜು ಬಾಗಿಲವರೆಗೂ ಬರುತ್ತಿತ್ತು, ನಿನ್ನೆ ತೊಳೆದ ಶಾಫ್ಟಿನ ಮೇಲೆ ಇವತ್ತು ತುಕ್ಕಿನ ಚುಕ್ಕೆ. ಒಂದು ದಿನ ಅವರು ನನ್ನ ಗಡಿಯಾರದ ಮೇಲೆ ಬೆರಳಿಟ್ಟು ಹೇಳಿದರು: ‘ಇದನ್ನ ನಮ್ಮ ಮ್ಯಾಲ ಹಿಡೀಬ್ಯಾಡ್ರಿ ಸಾಹೇಬ್ರ, ಆ ಟ್ರಾಲಿ ಮ್ಯಾಲ ಹಿಡೀರಿ. ಇಲ್ಲಿ ಮನಿಷ್ಯಾ ನಿಂತಿಲ್ಲ, ಮಾಲು ನಿಂತದ.’ ಟ್ರಾಲಿಯನ್ನು ಹಿಂಬಾಲಿಸಿದೆ. ಒಂದು ಶಾಫ್ಟು ಸಿದ್ಧವಾಗುವಷ್ಟರಲ್ಲಿ ಬೀಗರ ಮನೆ ಹುಡುಕುವವನಂತೆ ಶೆಡ್ಡನ್ನು ಏಳು ಸಲ ಅಡ್ಡ ಹಾಯುತ್ತಿತ್ತು, ಎಲ್ಲೆಂದರಲ್ಲಿ ಕಾಯುತ್ತ ಬಿದ್ದಿರುತ್ತಿತ್ತು. ಯಂತ್ರಗಳನ್ನು ಕೆಲಸದ ಸರತಿಯಂತೆ ಸಾಲಾಗಿ ಇರಿಸಿದೆವು, ಅಳತೆಯ ಮೇಜನ್ನು ಗ್ರೈಂಡಿಂಗ್ ಪಕ್ಕಕ್ಕೆ ತಂದೆವು. ಹದಿನೈದು ದಿನದಲ್ಲಿ ಮಾಲು ಹೊಳೆಯ ನೀರಿನಂತೆ ಹರಿಯತೊಡಗಿತು. ಮ್ಯಾನೇಜರ್ ಸಾಹೇಬರು ನನ್ನ ಬೆನ್ನು ತಟ್ಟಿದರು. ಟ್ರಾಲಿಯ ಮಾತು ಯಾರದೆಂದು ನಾನು ಹೇಳಲಿಲ್ಲ.

ಶೆಡ್ಡಿನ ಅರ್ಧ ಜನ ಗ್ರೈಂಡಿಂಗ್ ಕಲಿತದ್ದು ಅವರ ಕೈಕೆಳಗೆ. ಅವರು ಕಲಿಸುವ ರೀತಿಯೇ ಬೇರೆ. ಹುಡುಗನ ಮಣಿಕಟ್ಟು ಹಿಡಿದು, ಅದರ ಒಳಬದಿಯನ್ನು ಆಗಷ್ಟೇ ಗ್ರೈಂಡ್ ಆದ ಶಾಫ್ಟಿಗೆ ಮುಟ್ಟಿಸುವರು, ಆಮೇಲೆ ಅಳತೆಯ ಗೇಜಿಗೆ ಮುಟ್ಟಿಸುವರು. ‘ಎರಡೂ ಒಂದಽ ತಂಪು ಹತ್ತೋತನಕ ಅಳೀಬ್ಯಾಡ’ ಎಂಬುದನ್ನು ಮರಾಠಿಯಲ್ಲಿ ಹೇಳುವರು. ಬಿಸಿಯಾದ ಕಬ್ಬಿಣ ಕೂದಲೆಳೆಯಷ್ಟು ಉಬ್ಬಿರುತ್ತದೆ. ಆಗ ಅಳೆದು ಸರಿಯಿದೆ ಎಂದುಕೊಂಡರೆ, ತಣಿದ ಮೇಲೆ ಸಣ್ಣದಾಗಿ ಮಾಲು ಕೆಡುತ್ತದೆ. ಇಂಜಿನಿಯರಿಂಗಿನಲ್ಲಿ ಇದಕ್ಕೊಂದು ಇಡೀ ಅಧ್ಯಾಯ ಓದಿದ್ದೆ. ಹುಡುಗರಿಗೆ ಆ ಮಣಿಕಟ್ಟಿನಿಂದ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು.

ತರಬೇತಿ ಕೋಣೆಯ ಕೆಲಸ ಅವರಿಗೆ ಬೇಕಾಗಿತ್ತು. ಬಾಯಿಬಿಟ್ಟೇ ಹೇಳಿದರು. ಇಪ್ಪತ್ತೈದು ವರ್ಷ ದಿನಕ್ಕೆ ಎಂಟು ತಾಸು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಗಂಟುಕಟ್ಟಿದ್ದವು. ಪ್ಯಾಂಟು ಮೇಲಕ್ಕೆತ್ತಿ ತೋರಿಸಿದರು. ‘ಡಾಕ್ಟರು ನಿಲ್ಲೂದು ಬಿಡು ಅಂದಾರ್ರಿ. ನಿಲ್ಲೂದು ಬಿಟ್ರ ಈ ಕೆಲಸ ಹೋತು. ಕಲಿಸೋ ಕೆಲಸ ಸಿಕ್ಕರ ಒಂದು ಸ್ಟೂಲಿನ ಮ್ಯಾಲ ಕುಂತು ರಿಟಾಯರ್ ಆಗೋತನಕ ತಳ್ಳತೀನಿ.’ ಪ್ಯಾಂಟು ಇಳಿಬಿಟ್ಟು, ‘ಕಾಲಿನ ಸಲುವಾಗಿ ಅಷ್ಟ ಅಲ್ರಿ. ಕಲಿಸೋದು ನಂಗ ಭಾಳ ಸೇರತದ’ ಎಂದರು.

ಬೋರ್ಡು ಆ ಹೊತ್ತಿಗೆ ತಯಾರಾಗುತ್ತಿತ್ತು. ವೃತ್ತದ ಒಂದು ಕಾಲು ತುಂಬಿದರೆ ಕಲಿಯುತ್ತಿದ್ದಾನೆ, ಎರಡು ತುಂಬಿದರೆ ಇನ್ನೊಬ್ಬರ ಜೊತೆಗೆ ಮಾಡಬಲ್ಲ, ಮೂರಾದರೆ ಒಬ್ಬನೇ ಮಾಡಬಲ್ಲ, ನಾಲ್ಕೂ ತುಂಬಿದರೆ ಕಲಿಸಬಲ್ಲ. ನಾಲ್ಕನೆಯ ಕಾಲಿಗೆ ಮರಾಠಿಯಲ್ಲಿ ಹತ್ತು ಪ್ರಶ್ನೆಗಳ ಲಿಖಿತ ಪರೀಕ್ಷೆ ಇಟ್ಟೆ. ‘ಉತ್ತರಗಳನ್ನು ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆಯಬೇಕು’ ಎಂಬ ಸಾಲನ್ನು ಸೇರಿಸಿದವನೂ ನಾನೇ.

ನನಗಿಂತ ಹಿಂದೆ ಇದ್ದ ಸೂಪರ್‌ವೈಸರ್ ತನ್ನ ಊರಿನವರಿಗೆಲ್ಲ ಹಗುರ ಕೆಲಸ ಕೊಟ್ಟನೆಂದು ಶೆಡ್ಡಿನಲ್ಲಿ ಗದ್ದಲವಾಗಿತ್ತು. ಅದಕ್ಕೇ ಮ್ಯಾನೇಜರ್ ಸಾಹೇಬರು ಮೊದಲ ದಿನವೇ, ‘ಯಾರೂ ನಿನ್ನತ್ತ ಬೆರಳು ತೋರಿಸುವಂತಾಗಬಾರದು’ ಎಂದಿದ್ದರು. ಆಗಸ್ಟಿನ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯೂನಿಯನ್ನಿನ ಮುಖಂಡ ನನ್ನ ಎದುರು ತಟ್ಟೆ ಇಟ್ಟು ಕುಳಿತು, ‘ಸಾಹೇಬ, ಅಣ್ಣಾ ತುಮಚ್ಯಾ ಗಾವಚೇ ಕಾ?’ ಎಂದು ಕೇಳಿದ. ಅಣ್ಣಾ ನಿಮ್ಮೂರಿನವರೇ ಎಂದು. ಸುಮ್ಮನೆ ಕೇಳಿದ್ದಿರಬೇಕು, ಅವನ ಕಣ್ಣು ತಟ್ಟೆಯಲ್ಲೇ ಇತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತಾಯಿತು ನನ್ನ ಸ್ಥಿತಿ.

‘ನಾಹೀ ಹೋ’ ಎಂದೆ. ‘ಮೀ ಪುಣ್ಯಾಚಾ.’ ಇಲ್ಲಪ್ಪ, ನಾನು ಪುಣೆಯವನು.

ಅಂದಿನಿಂದ ಶೆಡ್ಡಿನಲ್ಲಿ ಮಲ್ಲಪ್ಪನವರೊಡನೆ ಮರಾಠಿಯ ಹೊರತು ಮಾತಾಡಲಿಲ್ಲ. ಅವರು ಕನ್ನಡದಲ್ಲಿ ಕೇಳಿದರೆ ನಾನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ಎರಡು ಮೂರು ದಿನ ನನ್ನ ಮುಖ ನೋಡಿದರು. ಆಮೇಲೆ ಅವರೂ ಶೆಡ್ಡಿನಲ್ಲಿ ಮರಾಠಿಗೆ ಹೊರಳಿದರು, ಕಾರಣ ಕೇಳಲಿಲ್ಲ.

ಪರೀಕ್ಷೆಗೆ ವಾರ ಇರುವಾಗ ಗೇಟಿನ ಹೊರಗೆ ನನಗಾಗಿ ಕಾಯುತ್ತಿದ್ದರು. ಜಿಟಿಜಿಟಿ ಮಳೆ, ಸುತ್ತ ಯಾರೂ ಇರಲಿಲ್ಲ. ‘ಸಾಹೇಬ್ರ, ನಂದು ಏಳನೇತ್ತ ತನಕ ಕನ್ನಡ ಸಾಲಿ. ಮರಾಠಿ ಮಾತಾಡ್ತೀನಿ, ಬಸ್ಸಿನ ಬೋರ್ಡ್ ಓದ್ತೀನಿ. ಬರೀಲಿಕ್ಕೆ ಮಾತ್ರ ಕೈ ಹೊಳ್ಳಂಗಿಲ್ಲ. ಕನ್ನಡದಾಗ ಬರದ್ರ ನಡೀತದೇನ್ರಿ? ಓದಾವ್ರು ನೀವಽ ಅದೀರಲ್ಲ.’

ಯಾರೂ ಇಲ್ಲದ್ದರಿಂದ ನನಗೂ ಕನ್ನಡ ಬಂತು. ‘ಬರೀರಿ, ನೋಡೋಣಂತ’ ಎಂದೆ.

ನೋಡೋಣ ಎಂಬುದು ನಮ್ಮ ಭಾಷೆಯ ಅತ್ಯಂತ ಹೇಡಿ ಮಾತು. ಹೂಂ ಎಂದವನ ಋಣವೂ ಇಲ್ಲ, ಊಹೂಂ ಎಂದವನ ನಿಷ್ಠುರವೂ ಇಲ್ಲ. ಕೇಳಿದವರು ಅದನ್ನು ಹೂಂ ಎಂದೇ ಹಿಡಿದು ಹೋಗುತ್ತಾರೆ. ಮಲ್ಲಪ್ಪನವರೂ ಹಾಗೆಯೇ ಹಿಡಿದರು, ಕೊಡೆಯಡಿಯಲ್ಲಿ ಎರಡೂ ಕೈ ಜೋಡಿಸಿ ಹೋದರು.

ಐದು ಜನ ಪರೀಕ್ಷೆ ಬರೆದರು. ಭಾನುವಾರ ಖಡಕಿಯ ಮನೆಯಲ್ಲಿ ಕುಳಿತು ಪೇಪರು ತಿದ್ದಿದೆ. ಮಲ್ಲಪ್ಪನವರದು ಸಾಲಿ ಹುಡುಗರ ದುಂಡು ಅಕ್ಷರ, ಪ್ರತಿ ಉತ್ತರದ ಕೆಳಗೆ ಪಟ್ಟಿ ಹಿಡಿದು ಎಳೆದ ಗೆರೆ. ಹತ್ತಕ್ಕೆ ಹತ್ತೂ ಸರಿ. ಐದನೆಯ ಪ್ರಶ್ನೆ, ಗ್ರೈಂಡಿಂಗ್ ಆದ ಕೂಡಲೇ ಅಳತೆ ನೋಡಬಹುದೇ ಎಂದಿತ್ತು. ಅವರ ಉತ್ತರ ಈಗಲೂ ಬಾಯಿಪಾಠ ಇದೆ. ‘ನೋಡಬಾರದು. ಬಿಸಿ ಇದ್ದಾಗ ಕಬ್ಬಣ ಸುಳ್ಳ ಹೇಳತದ. ಮಣಿಕಟ್ಟ ಹಚ್ಚಿ ನೋಡಬೇಕು. ಗೇಜಿನಷ್ಟ ತಣ್ಣಗ ಹತ್ತಿದ ಮ್ಯಾಲೆ ಅಳೀಬೇಕು. ಅವಸರ ಮಾಡಿದವನ ಮಾಲು ಹಾಳು.’

ನನ್ನ ಹೆಂಡತಿ ಸುಧಾ ಚಹಾ ತಂದವಳು ಹೆಗಲ ಮೇಲಿಂದ ಬಗ್ಗಿ ಓದಿದಳು. ‘ಎಷ್ಟ್ ಛಂದ ಬರದಾರ! ಇವರನ್ನಽ ಮಾಡ್ತೀರಲ್ಲ?’

‘ಕನ್ನಡದಾಗ ಬರದಾರ. ರೂಲಿನಾಗ ಇಲ್ಲ.’

‘ರೂಲು ಬರದಾವ್ರು ಯಾರು?’

‘ನಾನು.’

ಅವಳು ಚಹಾ ಇಟ್ಟು ಒಳಗೆ ಹೋದಳು.

ಸೋಮವಾರ ಪೇಪರುಗಳನ್ನು ಮ್ಯಾನೇಜರ್ ಸಾಹೇಬರ ಮುಂದಿಟ್ಟೆ. ಅವರು ಮಲ್ಲಪ್ಪನವರ ಹಾಳೆಯನ್ನು ಮೇಲೆ ಕೆಳಗೆ ಮಾಡಿ ನೋಡಿ, ಅಣ್ಣಾ ಏನು ಬರೆದಿದ್ದಾರೆ ಎಂದು ಕೇಳಿದರು. ಕುತೂಹಲದಿಂದಲೇ ಕೇಳಿದರು. ಆ ಕಾರ್ಖಾನೆಯಲ್ಲಿ ಅದಕ್ಕೆ ಉತ್ತರ ಹೇಳಬಲ್ಲ ಅಧಿಕಾರಿ ನಾನೊಬ್ಬನೇ. ಹತ್ತಕ್ಕೆ ಹತ್ತು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ದೊಡ್ಡ ಮನುಷ್ಯರು, ಒಪ್ಪಿಯೂ ಬಿಡುತ್ತಿದ್ದರು. ಆದರೆ ಹಾಗೆ ಹೇಳಿದರೆ ನಿನಗೆ ಹೇಗೆ ಓದಲು ಬಂತು ಎಂಬ ಪ್ರಶ್ನೆ ಬರುತ್ತಿತ್ತು, ಕ್ಯಾಂಟೀನಿನಲ್ಲಿ ಆಡಿದ ಸುಳ್ಳು ಹೊರಬೀಳುತ್ತಿತ್ತು.

‘ವಾಚತಾ ಯೇತ ನಾಹೀ’ ಎಂದೆ. ನನಗೆ ಓದಲು ಬರುವುದಿಲ್ಲ ಎಂದು.

ಕಲಿಸುವ ಕೆಲಸ ಡಿಪ್ಲೊಮಾ ಮಾಡಿದ ಒಬ್ಬ ತರುಣನಿಗೆ ಹೋಯಿತು. ಒಳ್ಳೆಯ ಹುಡುಗನೇ, ಅವನ ಮೇಲೆ ನನ್ನ ದೂರಿಲ್ಲ. ಬೋರ್ಡು ಗೋಡೆಗೇರಿದ ದಿನ ಎಲ್ಲರೂ ತಮ್ಮ ತಮ್ಮ ವೃತ್ತ ಹುಡುಕುತ್ತ ನೆರೆದರು. ಮಲ್ಲಪ್ಪ ತಮ್ಮದನ್ನು ಬಹಳ ಹೊತ್ತು ನೋಡಿ, ಕನ್ನಡದಲ್ಲಿ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: ‘ಕಾಲು ನೋಯ್ತಾವ ಅಂದಿದ್ದೆ, ಸಾಹೇಬ್ರು ಒಂದು ಕಾಲ ಕಡದಽ ಬಿಟ್ರು.’ ಹೇಳಿ ನಕ್ಕರು. ಸುತ್ತ ಇದ್ದ ಮೂವತ್ತು ಜನರಲ್ಲಿ ಆ ಮಾತು ತಿಳಿದದ್ದು ನನಗೊಬ್ಬನಿಗೆ. ಒಳ್ಳೆಯ ತಮಾಷೆ, ಸಿಟ್ಟಿನ ಲವಲೇಶವೂ ಇರಲಿಲ್ಲ. ನಕ್ಕರೆ ಕನ್ನಡ ತಿಳಿದಂತಾಗುತ್ತದೆಂದು ನಾನು ನಗಲಿಲ್ಲ.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ಇನ್ನೊಂದು ಬೇಸಿಗೆಯವರೆಗೆ ನಿಂತೇ ಕೆಲಸ ಮಾಡಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಕಾಲು ಸೋತವು. ಸ್ವಯಂ ನಿವೃತ್ತಿಯ ಅರ್ಜಿ ಕೊಟ್ಟು, ದೌಂಡದಲ್ಲಿ ರೈಲ್ವೆಯಲ್ಲಿದ್ದ ಅಳಿಯನ ಮನೆಗೆ ಹೋದರು. ಆಮೇಲೆ ಅವರನ್ನು ನಾನು ಕಾಣಲಿಲ್ಲ. ದೌಂಡದ ಮೇಲೆ ಹಾಯುವ ರೈಲಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ, ಇಳಿಯಲಿಲ್ಲ. ಕೆಲಸ ತಪ್ಪಿಸಿದ ಪಾಪ ದೊಡ್ಡದೇ. ಆದರೂ ಕೂಲಂಟಿನ ನಾತ ಮೂಗಿಗೆ ಬಡಿದಾಗ ನನಗೆ ನೆನಪಾಗುವುದು ಅದಲ್ಲ, ಆ ವರ್ಷದ ಖಂಡೇನವಮಿಯ ಬೆಳಗು.

ಅಂದು ಯಂತ್ರಗಳಿಗೆ ಪೂಜೆ. ಹಿಂದಿನ ದಿನವೇ ಎಲ್ಲವನ್ನೂ ಸೋಪುನೀರು ಹಾಕಿ ತೊಳೆದು ಒರೆಸಿದ್ದರು. ಚೆಂಡುಹೂವಿನ ಮಾಲೆ, ಅರಿಸಿನ ಕುಂಕುಮ, ಒಡೆದ ತೆಂಗಿನಕಾಯಿ. ವರ್ಷದಲ್ಲಿ ಆ ಒಂದು ದಿನ ಮೋಟಾರುಗಳೆಲ್ಲ ನಿಂತಿರುತ್ತವೆ, ಶೆಡ್ಡಿನ ಆ ತುದಿಯ ಮಾತು ಈ ತುದಿಗೆ ಕೇಳುತ್ತದೆ. ಮಳೆ ಮುಗಿದು ಬಿಸಿಲು ಬಿದ್ದಿತ್ತು. ತರಬೇತಿ ಕೋಣೆಗೆ ಗಾಜಿನ ಗೋಡೆ ಹಾಕಿಸಿದ್ದೆವು. ನಾನೊಬ್ಬನೇ ಒಳಗೆ ಕುಳಿತಿದ್ದಾಗ ಮಲ್ಲಪ್ಪ ಪೇಢೆ ಹಿಡಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಾಗಿಲು ಮುಚ್ಚಿಕೊಂಡರು, ನನಗೆ ಮುಜುಗರವಾಗದಿರಲೆಂದು.

‘ಒಂದು ಮಾತು ಕೇಳ್ತೀನ್ರಿ ಸಾಹೇಬ್ರ. ನನ್ನ ಪೇಪರು ನೀವಽ ಓದಿದ್ರೇನ್ರಿ?’

‘ಓದೀನಿ.’

‘ಅಕ್ಷರ ತಿಳದ್ವಲ್ರಿ?’

‘ತಿಳದ್ವು.’

‘ಹಂಗಾರ ತಪ್ಪು ಎಲ್ಲಿ ಆತ್ರಿ?’

ಕನ್ನಡದಲ್ಲಿ ಬರೆದದ್ದಕ್ಕೆ ಹೋಯಿತು ಎನ್ನುವಂತಿರಲಿಲ್ಲ, ಬರೆಯಿರಿ ಎಂದವನು ನಾನು. ಒಂದೂ ತಪ್ಪಿರಲಿಲ್ಲ ಎಂದರೆ, ಮತ್ತೇಕೆ ಕೆಲಸ ಸಿಗಲಿಲ್ಲ ಎಂಬುದಕ್ಕೆ ನನ್ನನ್ನೇ ಬಿಚ್ಚಿಡಬೇಕಿತ್ತು.

‘ಒಂದೆರಡು ತಪ್ಪಿದ್ವು’ ಎಂದೆ.

‘ಯಾವ್ಯಾವ್ರಿ?’ ಸ್ಟೂಲಿನ ತುದಿಯಲ್ಲಿ ಕುಳಿತರು. ‘ಕೆಲಸದ ಸಲುವಾಗಿ ಕೇಳಾಕತ್ತಿಲ್ರಿ, ಅದು ಹೋತು, ಹೋಗಲಿ. ಇಷ್ಟ್ ವರ್ಷ ಹುಡುಗುರಿಗೆ ಏನರ ತಪ್ಪ ಕಲಿಸೀನೇನೋ ಅಂತ ಜೀವ ಹೊಡ್ಕೊಳಾಕತ್ತದ. ನಿದ್ದಿ ಹತ್ತವಲ್ದು.’

ನನಗೆ ಬಾಯಿಪಾಠ ಇದ್ದದ್ದು ಒಂದೇ ಉತ್ತರ. ಅದೇ ಬಾಯಿಗೆ ಬಂತು. ‘ಐದನೇದು.’

‘ತಣ್ಣಗಾದ ಮ್ಯಾಲ ಅಳೀಬೇಕು ಅಂತ ಬರದಿದ್ನಲ್ರಿ?’

‘ಹೂಂ. ಅದು ಈಗಿನ ಪದ್ಧತಿಗೆ ಅಷ್ಟು ಸರಿ ಇಲ್ಲ.’

ಅದೇ ಮಾತು ನಾನೇ ಬರೆದ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ನನ್ನ ಬೆನ್ನ ಹಿಂದಿನ ಗೋಡೆಯ ಮೇಲೆ ಇತ್ತು. ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ.

ಮಲ್ಲಪ್ಪ ತಮ್ಮ ಬಲಗೈಯನ್ನು ತಿರುವಿ ಮಣಿಕಟ್ಟು ನೋಡಿಕೊಂಡರು. ‘ಹೌದೇನ್ರಿ? ನನಗ ಹಂಗ ಕಲಿಸಿದ್ರು, ನಾ ಹಂಗ ಹೇಳಕೋತ ಬಂದೆ. ಛಲೋ ಆತ್ರಿ ಹೇಳಿದ್ದು’ ಎಂದು ಎದ್ದರು. ಪೇಢೆಯ ಪೊಟ್ಟಣ ನನ್ನ ಮೇಜಿನ ಮೇಲಿಟ್ಟರು.

ಮನೆಗೆ ಹೋಗುತ್ತಾರೆ ಎಂದುಕೊಂಡೆ. ಅವರು ಹೋದದ್ದು ಮೊದಲನೆಯ ಗ್ರೈಂಡಿಂಗ್ ಯಂತ್ರದ ಹತ್ತಿರ. ಅಲ್ಲಿ ಅವರ ಶಿಷ್ಯನೊಬ್ಬ ಮಾಲೆ ಕಟ್ಟುತ್ತಿದ್ದ. ಅವನ ಮುಂದೆ ನಿಂತು ಮಲ್ಲಪ್ಪ ಕೈ ಜೋಡಿಸಿದರು. ಮೋಟಾರುಗಳು ನಿಂತಿದ್ದರಿಂದ ಗಾಜಿನ ಈಚೆಗೂ ಮಾತು ಕೇಳಿತು. ‘ಮೀ ತುಲಾ ಚುಕೀಚಂ ಶಿಕವಲಂ. ಮಾಫ್ ಕರ.’ ನಿನಗೆ ನಾನು ತಪ್ಪು ಕಲಿಸಿದೆ, ಕ್ಷಮಿಸು ಎನ್ನುತ್ತಿದ್ದರು. ಆಮೇಲೆ ಎರಡನೆಯ ಯಂತ್ರಕ್ಕೆ ಹೋದರು. ಆಮೇಲೆ ಮೂರನೆಯದಕ್ಕೆ. ಕಾಲೆಳೆಯುತ್ತ, ತಾವು ಕಲಿಸಿದ ಒಬ್ಬೊಬ್ಬರನ್ನೂ ಹುಡುಕಿ, ಪ್ರತಿಯೊಬ್ಬರ ಮುಂದೆಯೂ ಕೈ ಜೋಡಿಸಿ ಅದೇ ಮಾತು ಹೇಳಿದರು.

ಮೊದಮೊದಲು ಶಿಷ್ಯರು ನಕ್ಕರು. ಅಣ್ಣಾ ಚೇಷ್ಟೆ ಮಾಡುತ್ತಿದ್ದಾರೆಂದುಕೊಂಡರು. ಬರಬರುತ್ತ ನಗು ನಿಂತಿತು. ಒಬ್ಬ ಮುಂದೆ ಬಂದು ಅವರ ಜೋಡಿಸಿದ ಕೈಗಳನ್ನು ಬಿಡಿಸಿ, ಯಾರು ಹೇಳಿದರು ನಿಮಗೆ, ಇಷ್ಟು ವರ್ಷ ನಮ್ಮ ಒಂದು ಶಾಫ್ಟೂ ಕೆಟ್ಟಿಲ್ಲವಲ್ಲ ಎಂದು ಜಗಳದ ದನಿಯಲ್ಲಿ ಕೇಳಿದ.

‘ಸಾಹೇಬಾಂನೀ ಸಾಂಗಿತಲಂ’ ಎಂದರು ಮಲ್ಲಪ್ಪ. ಸಾಹೇಬರು ಹೇಳಿದರು.

ಎಲ್ಲರೂ ಗಾಜಿನ ಕಡೆ ತಿರುಗಿದರು. ಮಲ್ಲಪ್ಪನವರೂ ತಿರುಗಿದರು. ಬಾಗಿಲು ತೆರೆದು ಹತ್ತು ಹೆಜ್ಜೆ ನಡೆದರೆ ಸಾಕಿತ್ತು, ಯಾವ ಭಾಷೆಯಲ್ಲಿ ಹೇಳಿದ್ದರೂ ನಡೆಯುತ್ತಿತ್ತು. ಅವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಕುಳಿತಲ್ಲಿಂದಲೇ, ಹೌದು ಎಂದು ತಲೆಯಾಡಿಸಿದೆ.